ಒಂದು ಸಿಂಥ್, ಸಣ್ಣ ಜೇಬು: ಮೈಸೂರಿನ ಮಹಡಿ ಕೋಣೆಗೆ ಒಂಬತ್ತು ಸೂತ್ರಗಳು

1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದ ಒಂದು ಆಲ್ಬಮ್ ಮಾಡಿದರು. ಅದಕ್ಕೆ ಬಳಸಿದ್ದು ರೋಲ್ಯಾಂಡ್ ಕಂಪನಿಯ ಮೂರು ಪೆಟ್ಟಿಗೆಗಳು: ಜುಪಿಟರ್-8, ಟಿಬಿ-303, ಟಿಆರ್-808. ರಾಗಕ್ಕೊಂದು, ಮಂದ್ರದ ಓಟಕ್ಕೊಂದು, ತಾಳಕ್ಕೊಂದು. ಆಗ ಯಾರೂ ಹೆಚ್ಚು ಗಮನಿಸಲಿಲ್ಲ, ದಶಕಗಳ ನಂತರ ಜಗತ್ತು ಹುಡುಕಿಕೊಂಡು ಬಂದು ಕೇಳಿತು. ಕುವೆಂಪುನಗರದ ಮಹಡಿಯ ಮೇಲೋ ಸರಸ್ವತಿಪುರದ ಹಾಸ್ಟೆಲ್ ಕೋಣೆಯಲ್ಲೋ ಒಂದೇ ಒಂದು ಸಿಂಥ್ ಇಟ್ಟುಕೊಂಡು "ಮುಂದೇನು ಕೊಳ್ಳಲಿ?" ಎನ್ನುತ್ತಿರುವವರಿಗೆ ಈ ಸೂತ್ರಗಳು.

1. ಪೆಟ್ಟಿಗೆ ಎಣಿಸಬೇಡಿ, ಕೆಲಸ ಎಣಿಸಿ

ನಿಮ್ಮ ಸಂಗೀತದಲ್ಲಿ ಯಾವ ಕೆಲಸಕ್ಕೆ ಆಳಿಲ್ಲ? ತಾಳಕ್ಕೋ, ಮಂದ್ರಕ್ಕೋ, ಹಿಂದೆ ಹರಡಿಕೊಳ್ಳುವ ಸ್ವರಗುಚ್ಛಕ್ಕೋ? ಚೀಟಿಯಲ್ಲಿ ಬರೆದುಕೊಳ್ಳಿ. ಈಗಿರುವ ಸಿಂಥೇ ಮಾಡಬಲ್ಲ ಕೆಲಸಕ್ಕೆ ಇನ್ನೊಂದು ಸಿಂಥ್ ತರುವುದು ದಂಡ. ಹೊಸದು ತಂದವರಲ್ಲಿ ಬಹಳ ಮಂದಿಗೆ ಹಳೆಯದರ ಅರ್ಧ ಗುಂಡಿಗಳ ಪರಿಚಯವೇ ಇರುವುದಿಲ್ಲ.

ಇದಕ್ಕೆ ನಮ್ಮೂರಿನ ಹೆಸರಲ್ಲೇ ಉದಾಹರಣೆ ಇದೆ. ಮೈಸೂರು ಟಿ. ಚೌಡಯ್ಯನವರ ಕಾಲದಲ್ಲಿ ಮೈಕು ಅಪರೂಪ. ದೊಡ್ಡ ಸಭೆಯ ಕೊನೆಯ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅವರು ಇನ್ನೊಂದು ವಾದ್ಯದ ಮೊರೆ ಹೋಗಲಿಲ್ಲ, ಕೈಯಲ್ಲಿದ್ದ ನಾಲ್ಕು ತಂತಿಯ ಪಿಟೀಲಿಗೇ ಮೂರು ತಂತಿ ಸೇರಿಸಿ ಏಳಾಗಿಸಿದರು. ನಾದ ದಪ್ಪವಾಯಿತು. ನಿಮ್ಮ ಸಿಂಥಿನಲ್ಲಿ ಎರಡನೆಯ ಆಸಿಲೇಟರ್ ಇದ್ದರೆ ಅದನ್ನು ಒಂದು ಸ್ಥಾಯಿ ಕೆಳಗಿಳಿಸಿ, ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ನುಡಿಸಿ ನೋಡಿ. ಖರ್ಚು ಸೊನ್ನೆ.

2. ಮೊದಲ ದುಡ್ಡು ಮಿಕ್ಸರ್‌ಗೆ, ತಂತಿಗೆ

ಕೇಳಲು ಸಪ್ಪೆ, ಆದರೆ ಎರಡನೆಯ ವಾದ್ಯ ಮನೆಗೆ ಬಂದ ದಿನವೇ ಇದರ ಬಿಸಿ ತಟ್ಟುತ್ತದೆ. ಇರುವುದು ಒಂದೇ ಹೆಡ್‌ಫೋನ್, ವಾದ್ಯ ಎರಡು, ಪಿನ್ನು ಕಿತ್ತು ಚುಚ್ಚಿ ಬೇಸರ. ಒಂದು ಸಣ್ಣ ಮಿಕ್ಸರ್ ತನ್ನಿ. ಈಗ ಬೇಕಾದುದಕ್ಕಿಂತ ಎರಡು ಚಾನೆಲ್ ಹೆಚ್ಚಿಗೆ ಇರಲಿ. ಸ್ಟೀರಿಯೊ ವಾದ್ಯವೊಂದು ಎರಡು ಚಾನೆಲ್ ನುಂಗುತ್ತದೆ ಎಂಬುದು ನೆನಪಿರಲಿ. ಎಫೆಕ್ಟ್‌ಗೆ ಕಳಿಸುವ ಸೆಂಡ್ ಗುಂಡಿ ಇರುವ ಮಿಕ್ಸರ್ ಸಿಕ್ಕರೆ ಒಂದೇ ರಿವರ್ಬ್ ಪೆಡಲ್ ಎಲ್ಲ ವಾದ್ಯಗಳಿಗೂ ಸಾಲುತ್ತದೆ.

ಸಾಲ್ಡರಿಂಗ್ ಗೊತ್ತಿದ್ದರೆ ತಂತಿ ಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಒಮ್ಮೆ ಹೋಗಿ ಶೀಲ್ಡೆಡ್ ಕೇಬಲ್ಲನ್ನು ಮೀಟರ್ ಲೆಕ್ಕದಲ್ಲಿ, ಜ್ಯಾಕುಗಳನ್ನು ಬಿಡಿಯಾಗಿ ತಂದರೆ ವರ್ಷಗಟ್ಟಲೆ ಚಿಂತೆಯಿಲ್ಲ.

3. ಮನೆಯ ಶ್ರುತಿ ಪೆಟ್ಟಿಗೆಯೂ ಒಂದು ಸಿಂಥೇ

ಸಂಗೀತ ಪಾಠ ನಡೆಯುವ ಮೈಸೂರಿನ ಮನೆಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿಗೇನೂ ಬರವಿಲ್ಲ. ಅದರ ಕಥೆ ನಮ್ಮ ರಾಜ್ಯದ್ದೇ: ಅದನ್ನು ತಯಾರಿಸುವ ಬೆಂಗಳೂರಿನ ರೇಡಲ್ ಸಂಸ್ಥೆಯನ್ನು ಕಟ್ಟಿದ ಜಿ. ರಾಜ್‌ನಾರಾಯಣ್ ಎಂಜಿನಿಯರ್ ಹೇಗೋ ಹಾಗೆ ಕೊಳಲು ವಾದಕರೂ ಹೌದು. ಈ ಪೆಟ್ಟಿಗೆಯನ್ನು ದೇವರ ಮನೆಯ ಪಕ್ಕದಿಂದ ಎತ್ತಿ ನಿಮ್ಮ ಮೇಜಿಗೆ ತನ್ನಿ (ಅಮ್ಮನನ್ನು ಕೇಳಿ). ಹಿಂಬದಿಯಲ್ಲಿ ಔಟ್‌ಪುಟ್ ಇದ್ದರೆ ನೇರ ಮಿಕ್ಸರ್‌ಗೆ, ಇಲ್ಲದಿದ್ದರೆ ಮುಂದೊಂದು ಮೈಕು. ನಿಮ್ಮ ಸಿಂಥಿಗೆ ಆಡಿಯೊ ಇನ್‌ಪುಟ್ ಇದ್ದರಂತೂ ಹಬ್ಬ: ತಂಬೂರಿಯ ನಾದವನ್ನು ಅದರ ಫಿಲ್ಟರ್ ಮೂಲಕ ಹಾಯಿಸಿ, ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ಹೋಗಿ. ದುಬಾರಿ ಸಿಂಥಿನಲ್ಲಿ ಗಂಟೆಗಟ್ಟಲೆ ಕೂತು ಕಟ್ಟುವಂಥ ನಾದದ ಹಾಸು ಇಲ್ಲಿ ಪುಕ್ಕಟೆ.

ಅಟ್ಟವನ್ನೂ ಒಮ್ಮೆ ತಡಕಾಡಿ. ಗಲ್ಫ್‌ನಿಂದ ಚಿಕ್ಕಪ್ಪ ತಂದ ಹಳೆಯ ಕ್ಯಾಸಿಯೊ ಸಿಕ್ಕೀತು. 1986ರ ಕ್ಯಾಸಿಯೊ ಎಸ್‌ಕೆ-1 ಮಕ್ಕಳ ಆಟಿಕೆಯಂತೆ ಕಂಡರೂ ಅದರಲ್ಲಿ ಮೈಕು ಇತ್ತು. ಒಂದೂವರೆ ಸೆಕೆಂಡಿಗೂ ಕಡಿಮೆ ಸದ್ದನ್ನು ಹಿಡಿದು ಕೀಗಳ ಮೇಲೆ ಹರಡುತ್ತಿತ್ತು. ಅದರ ಒರಟು ದನಿಯನ್ನೇ ಬಯಸಿ ಹುಡುಕುವವರು ಇಂದೂ ಇದ್ದಾರೆ.

4. ಆಷಾಢದಲ್ಲಿ ಕೊಳ್ಳಿ

ಗಣೇಶನ ಹಬ್ಬದಿಂದ ಹಿಡಿದು ದಸರಾ ದಾಟಿ ರಾಜ್ಯೋತ್ಸವದ ನವೆಂಬರ್ ಮುಗಿಯುವವರೆಗೆ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ. ಆಗ ಯಾರೂ ಕೀಬೋರ್ಡ್ ಮಾರುವುದಿಲ್ಲ, ಮಾರಿದರೂ ಬೆಲೆ ಇಳಿಸುವುದಿಲ್ಲ. ಆಷಾಢದಲ್ಲಿ ಮದುವೆ, ರಸಮಂಜರಿ ಎರಡೂ ಕಡಿಮೆ, ಚೌಕಾಸಿಗೆ ಅದೇ ಕಾಲ. ರೋಲ್ಯಾಂಡ್ ಎಕ್ಸ್‌ಪಿಎಸ್-10ನಂಥ ವೇದಿಕೆಯ ಕೀಬೋರ್ಡುಗಳು ನಮ್ಮಲ್ಲಿ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತವೆ. ವಾದ್ಯಗಾರರನ್ನೇ ವಿಚಾರಿಸಿ, ಅಂತರ್ಜಾಲದ ಜಾಹೀರಾತು ಆಮೇಲೆ.

ಫೋಟೊ ನೋಡಿ ಮುಂಗಡ ಕೊಡಬೇಡಿ. ಎದುರು ಕೂತು ಪ್ರತಿ ಕೀಯನ್ನೂ ಮೆಲ್ಲಗೆ, ಜೋರಾಗಿ ಒತ್ತಿ. ಪ್ರತಿ ಗುಂಡಿ ತಿರುಗಿಸಿ, ಚರಚರ ಎಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್‌ಗೆ ಬಗ್ಗುವ ಸಾಧ್ಯತೆ ಹೆಚ್ಚು. ಒಂದೆರಡು ಕೀ ಮೂಕವಾಗಿದ್ದರೆ ಬಹುಪಾಲು ಕೆಳಗಿನ ರಬ್ಬರ್ ಪಟ್ಟಿಯ ಕೊಳೆ, ಬೆಲೆ ಇಳಿಸಲು ಒಳ್ಳೆಯ ನೆಪ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಕಂಡರೆ ಯೋಚಿಸಿ. ಡಿಸ್‌ಪ್ಲೇ ಸತ್ತಿದ್ದರೆ ಎದ್ದು ಬನ್ನಿ.

5. ಪ್ಲಗ್ ಚುಚ್ಚುವ ಮುನ್ನ ಹಿಂಬದಿ ಓದಿ

ನಮ್ಮದು 230 ವೋಲ್ಟ್. ಜಪಾನಿನದು 100, ಅಮೆರಿಕದ್ದು 120. ಅಲ್ಲಿಂದ ನೆಂಟರು ತಂದ, ಅಲ್ಲಿನ ವೋಲ್ಟೇಜಿಗಷ್ಟೇ ಮಾಡಿದ ವಾದ್ಯವನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ಇಲ್ಲಿನ ಗೋಡೆಗೆ ಚುಚ್ಚಿದರೆ ಹೊಗೆಯೇ ಗತಿ. 9 ವೋಲ್ಟಿನ ಅಡಾಪ್ಟರ್‌ಗಳೆಲ್ಲ ಒಂದೇ ಅಂದುಕೊಳ್ಳುವುದೂ ಅಪಾಯ: ಕೊರ್ಗ್ ಕಂಪನಿಯ ವೊಲ್ಕಾ ಎಂಬ ಪುಟ್ಟ ಪೆಟ್ಟಿಗೆಗಳಿಗೆ ನಡುಪಿನ್ನು ಪ್ಲಸ್, ಬಾಸ್ ಕಂಪನಿಯ ಎಫೆಕ್ಟ್ ಪೆಡಲ್‌ಗಳಿಗೆ ಮೈನಸ್. ಪ್ರತಿ ಅಡಾಪ್ಟರ್‌ಗೂ ಅದರ ವಾದ್ಯದ ಹೆಸರಿನ ಚೀಟಿ ಅಂಟಿಸಿ.

ಕರೆಂಟು ಹೋಗಿ ಮನೆಯ ಯುಪಿಎಸ್ ಹತ್ತಿಕೊಂಡಾಗ ಸ್ಪೀಕರ್ ಗುಂಯ್ ಎನ್ನುವುದೇ? ಯುಪಿಎಸ್ ಸ್ಕ್ವೇರ್ ವೇವ್‌ನದಾಗಿದ್ದರೆ ಅನುಮಾನ ಅದರ ಮೇಲಿರಲಿ. ಸೈನ್ ವೇವ್‌ನದಕ್ಕೆ ಬದಲಿಸುವಷ್ಟು ಹಣವಿಲ್ಲವೆಂದರೆ ಆ ಹೊತ್ತು ಬ್ಯಾಟರಿಯ ಮೇಲೆ ನುಡಿಸಿ, ವೊಲ್ಕಾಗೆ ಆರು ಪೆನ್ಸಿಲ್ ಸೆಲ್ ಸಾಕು.

6. ಮಿಡಿ ಇದೆಯೇ ಎಂದಲ್ಲ, ಯಾವ ಮಿಡಿ ಎಂದು ಕೇಳಿ

1983ರಲ್ಲಿ ಬಂದ ಮಿಡಿಯಿಂದಾಗಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲು ಕಲಿತವು. ಒಂದು ತಂತಿಯಲ್ಲಿ 16 ಚಾನೆಲ್. ಆದರೆ ಅಗ್ಗದ ಮನೆ ಕೀಬೋರ್ಡುಗಳಲ್ಲಿ ಹಲವಕ್ಕೆ ಐದು ಪಿನ್ನಿನ ಗುಂಡು ಜಾಗವೇ ಇಲ್ಲ, ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಮಾತ್ರ. ಅಂಥದ್ದು ಇನ್ನೊಂದು ಸಿಂಥನ್ನು ನೇರವಾಗಿ ನುಡಿಸಲಾರದು, ನಡುವೆ ಕಂಪ್ಯೂಟರಿನಂಥದ್ದೊಂದು ಬೇಕು. ಮೊದಲ ವೊಲ್ಕಾಗಳಲ್ಲಿ ಮಿಡಿ ಇನ್ ಉಂಟು, ಔಟ್ ಇಲ್ಲ. 3.5 ಮಿ.ಮೀ. ಜ್ಯಾಕಿನ ಮಿಡಿಯಲ್ಲಿ 'ಎ', 'ಬಿ' ಎಂದು ಎರಡು ಬಗೆ. ತಪ್ಪು ಕೇಬಲ್ ಹಾಕಿದರೆ ವಾದ್ಯ ಕೆಟ್ಟಿದೆ ಎಂದೇ ಅನಿಸುತ್ತದೆ.

ತಾಳ ಕೂಡಿಸುವುದಷ್ಟೇ ಸಾಕೆಂದರೆ ವೊಲ್ಕಾಗಳ ನಡುವೆ ಒಂದು ಸಾಧಾರಣ 3.5 ಮಿ.ಮೀ. ತಂತಿ ಸಾಲುತ್ತದೆ.

7. ಗಮಕಕ್ಕೆ ಹೆಚ್ಚು ಕೀ ಬೇಡ, ಒಳ್ಳೆಯ ಚಕ್ರ ಬೇಕು

ಕರ್ನಾಟಕ ಸಂಗೀತದ ಕಿವಿಯಿರುವ ಊರು ಇದು. ತೋಡಿಯನ್ನು ಬಿಡಿ ಬಿಡಿ ಸ್ವರಗಳಾಗಿ ನುಡಿಸಿದರೆ ಪಕ್ಕದ ಮನೆಯ ವೀಣೆ ಮೇಷ್ಟ್ರು ಕಿಟಕಿ ಮುಚ್ಚುತ್ತಾರೆ. ಕೀಬೋರ್ಡ್ ಸತ್ಯನಾರಾಯಣನ್ ಚೆನ್ನೈನ ಸಭೆಗಳಲ್ಲಿ ಈ ವಾದ್ಯದಲ್ಲೂ ಗಮಕ ಸಾಧ್ಯವೆಂದು ತೋರಿಸಿದ್ದಾರೆ. ಹಾಗಾಗಿ ಎರಡನೆಯ ಸಿಂಥ್ ಆರಿಸುವಾಗ ಒಂದೇ ಸ್ವರ ನುಡಿಯುವ ಮೊನೊ ಸಿಂಥನ್ನು ಕಡೆಗಣಿಸಬೇಡಿ. ಅದರ ಗ್ಲೈಡ್‌ನಲ್ಲಿ ಜಾರು ಬರುತ್ತದೆ, ಪಿಚ್ ಬೆಂಡ್ ಚಕ್ರದಲ್ಲಿ ಕಂಪಿತ. ಬೆಂಡಿನ ವ್ಯಾಪ್ತಿ ಸಾಮಾನ್ಯವಾಗಿ ಆಚೀಚೆ ಎರಡು ಅರೆಸ್ವರ. ಕಂಪಿತಕ್ಕೆ ಅದೇ ಇರಲಿ, ಉದ್ದನೆಯ ಜಾರಿಗೆ ಹಿಗ್ಗಿಸಿಕೊಳ್ಳಿ. ಕೊರ್ಗ್ ಮೊನೊಲಾಗ್‌ನಲ್ಲಿ ಪ್ರತಿ ಸ್ವರದ ಸ್ಥಾನವನ್ನೇ ಬೇಕಾದಂತೆ ಸರಿಸಬಹುದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನನ್ನ ಮತ ಅದಕ್ಕೆ.

8. ಊರನ್ನೇ ಸ್ಯಾಂಪಲ್ ಮಾಡಿ

ಹೊಸ ಡ್ರಮ್ ಸದ್ದಿನ ಪ್ಯಾಕ್‌ಗೆ ದುಡ್ಡು ಸುರಿಯುವ ಮೊದಲು ಫೋನ್ ಹಿಡಿದು ಹೊರಡಿ. ಟಾಂಗಾದ ಗೊರಸು, ಸಂತ ಫಿಲೋಮಿನಾ ಚರ್ಚಿನ ಗಂಟೆ, ದೇವರಾಜ ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸುವ ಧಡ್ ಸದ್ದು: ಒಳ್ಳೆಯ ಕಿಕ್, ಸ್ನೇರ್, ಬೆಲ್ ಇವೇ. ಮನುಷ್ಯರ ಕೂಗನ್ನು ಹಿಡಿಯುವ ಮುನ್ನ ಅವರನ್ನು ಒಂದು ಮಾತು ಕೇಳಿ. ಹಿಡಿದ ಸದ್ದುಗಳನ್ನು ತುಂಬಿಸಲು ಮೊದಲ ವೊಲ್ಕಾ ಸ್ಯಾಂಪಲ್ ಪೆಟ್ಟಿಗೆಯಲ್ಲಿ ಒಟ್ಟು 65 ಸೆಕೆಂಡಿಗಷ್ಟೇ ಜಾಗ. ಇದನ್ನು ಕೊರತೆ ಎನ್ನುವವರುಂಟು, ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ಸದ್ದನ್ನೂ ಅರ್ಧ ಸೆಕೆಂಡಿಗೆ ಕತ್ತರಿಸುವ ಶಿಸ್ತು ಅದರಿಂದಲೇ ಬರುತ್ತದೆ.

9. ಒಂದು ಬಂದರೆ ಒಂದು ಹೋಗಲಿ

ಮೂರು ತಿಂಗಳು ಮುಟ್ಟದ ಪೆಟ್ಟಿಗೆಯನ್ನು ಮಾರಿ, ಇಲ್ಲವೇ ಗೆಳೆಯರೊಡನೆ ಬದಲಿಸಿಕೊಳ್ಳಿ. ಡಬ್ಬ, ಬಿಲ್ಲು, ಮೂಲ ಅಡಾಪ್ಟರ್ ಎತ್ತಿಟ್ಟಿದ್ದರೆ ಬೆಲೆ ನಿಲ್ಲುತ್ತದೆ. ವಿದೇಶದಿಂದ ತರಿಸುವ ಆಸೆಯಾದರೆ ಬೆಲೆಯ ಮೇಲೆ ಸೀಮಾ ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲ ಕೂಡಿಸಿ ನೋಡಿ. ಇಲ್ಲಿನ ಅಂಗಡಿಯ ದರ ಆಗ ಅಷ್ಟೇನೂ ದುಬಾರಿ ಅನ್ನಿಸದು. ರಿಪೇರಿಗೂ ಹತ್ತಿರ.

ಕಂತಿನ ಮೇಲೆ ಮಾತ್ರ ಸಿಂಥ್ ಕೊಳ್ಳಬೇಡಿ.