ಸಂಧಿ, ವಿಗ್ರಹ ಮತ್ತು ಸದಸ್ಯತ್ವ: ಓಲಂಡ್ ದ್ವೀಪಗಳ ಪ್ರಕರಣ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದುವ ವಿದ್ಯಾರ್ಥಿಗೆ ‘ಸಂಧಿವಿಗ್ರಹಿ’ ಎಂಬ ಅಧಿಕಾರಿ ಮತ್ತೆ ಮತ್ತೆ ಎದುರಾಗುತ್ತಾನೆ. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಕಲಹ; ಎರಡರ ಹೊಣೆಯೂ ಒಬ್ಬನದೇ. ಶಾಂತಿಯನ್ನು ಒಂದು ಶಾಶ್ವತ ಸ್ಥಿತಿಯೆಂದು ಭಾವಿಸದೆ, ರಾಜ್ಯವು ಪ್ರಯೋಜನ ನೋಡಿ ಆರಿಸಿಕೊಳ್ಳುವ ಉಪಾಯಗಳಲ್ಲಿ ಒಂದೆಂದು ಕಂಡ ರಾಜನೀತಿಯ ನೆರಳು ಈ ಪದದ ಮೇಲಿದೆ. ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಸದಸ್ಯತ್ವವು ರಾಷ್ಟ್ರಗಳನ್ನು ಶಾಂತಿಯತ್ತ ಒಲಿಸುತ್ತದೆಯೇ ಎಂಬ ಇಂದಿನ ಪ್ರಶ್ನೆಯನ್ನೂ ಇದೇ ಪದದ ಬೆಳಕಿನಲ್ಲಿ ಕೇಳಬಹುದು: ವಿಗ್ರಹಕ್ಕಿಂತ ಸಂಧಿಯೇ ಲಾಭಕರವೆಂದು ತೋರುವಂತೆ ಸದಸ್ಯತ್ವ ಏನನ್ನಾದರೂ ಮಾಡುತ್ತದೆಯೇ?

ಉತ್ತರಕ್ಕೆ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಸಮೂಹ ಒಳ್ಳೆಯ ನಿದರ್ಶನ. ಸ್ವೀಡನ್ ಮತ್ತು ಫಿನ್‌ಲ್ಯಾಂಡ್‌ಗಳ ನಡುವೆ ಆರು ಸಾವಿರಕ್ಕೂ ಹೆಚ್ಚು ಸಣ್ಣಪುಟ್ಟ ದ್ವೀಪಗಳು ಹರಡಿಕೊಂಡಿವೆ. ಜನರ ಮಾತು ಸ್ವೀಡಿಷ್. 1809ರಲ್ಲಿ ಸ್ವೀಡನ್ ಸೋತು ಫಿನ್‌ಲ್ಯಾಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ಈ ದ್ವೀಪಗಳೂ ಜೊತೆಗೇ ಹೋದವು. 1917ರಲ್ಲಿ ರಷ್ಯಾದ ಸಾಮ್ರಾಜ್ಯ ಕುಸಿದಾಗ ದ್ವೀಪವಾಸಿಗಳು ತಮ್ಮನ್ನು ಸ್ವೀಡನ್ನಿಗೆ ಸೇರಿಸಬೇಕೆಂದು ಸಭೆ ಸೇರಿ ನಿರ್ಣಯಿಸಿದರು. ವಯಸ್ಕರಲ್ಲಿ ಬಹುಪಾಲು ಜನ ಮನವಿಗೆ ಸಹಿ ಹಾಕಿದರು. ಅದೇ ವರ್ಷದ ಡಿಸೆಂಬರ್ 6ರಂದು ಸ್ವತಂತ್ರವಾದ ಫಿನ್‌ಲ್ಯಾಂಡ್ ಇದಕ್ಕೆ ಒಪ್ಪಲಿಲ್ಲ. ತಾನು ರಷ್ಯಾದಿಂದ ಬೇರ್ಪಡಲು ಮುಂದಿಟ್ಟ ಸ್ವಯಂನಿರ್ಣಯದ ತತ್ತ್ವವನ್ನು ತನ್ನದೇ ದ್ವೀಪಗಳಿಗೆ ಅನ್ವಯಿಸಲು ಅದು ಸಿದ್ಧವಿರಲಿಲ್ಲ. ಇದು ಹೊಸ ರಾಷ್ಟ್ರಗಳೆಲ್ಲವುಗಳ ದೌರ್ಬಲ್ಯವೆಂದರೂ ಸಲ್ಲುತ್ತದೆ. 1920ರ ಮೇ ತಿಂಗಳಲ್ಲಿ ಫಿನ್‌ಲ್ಯಾಂಡ್ ಸ್ವಾಯತ್ತತೆಯ ಕಾನೂನನ್ನು ಮುಂದಿಟ್ಟಿತು, ದ್ವೀಪವಾಸಿಗಳು ನಿರಾಕರಿಸಿದರು, ಜೂನ್‌ನಲ್ಲಿ ಅವರ ಇಬ್ಬರು ನಾಯಕರು ಬಂಧಿತರಾದರು.

ವಿವಾದವನ್ನು ರಾಷ್ಟ್ರಸಂಘದ ಮುಂದೆ ತಂದದ್ದು ಬ್ರಿಟನ್. ಶಾಂತಿಗೆ ಧಕ್ಕೆ ತರಬಹುದಾದ ಸಂಗತಿಯನ್ನು ಯಾವ ಸದಸ್ಯರಾಷ್ಟ್ರವಾದರೂ ಸಂಘದ ಗಮನಕ್ಕೆ ತರಬಹುದೆಂದು ಒಡಂಬಡಿಕೆಯ 11ನೆಯ ವಿಧಿ ಹೇಳುತ್ತಿತ್ತು. ಇದು ತನ್ನ ಆಂತರಿಕ ವಿಷಯವೆಂದು ಫಿನ್‌ಲ್ಯಾಂಡ್ ವಾದಿಸಿತು. ನ್ಯಾಯಶಾಸ್ತ್ರಜ್ಞರ ಸಮಿತಿ ಆ ವಾದವನ್ನು ಒಪ್ಪಲಿಲ್ಲ. ಬಳಿಕ ಮೂವರ ಆಯೋಗ ವಿಚಾರಣೆ ನಡೆಸಿ 1921ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಜೂನ್ 24ರಂದು ಸಂಘದ ಮಂಡಳಿ ನಿರ್ಣಯಿಸಿತು: ದ್ವೀಪಗಳು ಫಿನ್‌ಲ್ಯಾಂಡಿನವು, ಆದರೆ ದ್ವೀಪವಾಸಿಗಳ ಭಾಷೆಗೂ ನೆಲಕ್ಕೂ ಭದ್ರತೆ ಇರತಕ್ಕದ್ದು. ಸ್ವೀಡನ್ನಿನ ಪ್ರತಿನಿಧಿ ಯಾಲ್ಮರ್ ಬ್ರಾಂಟಿಂಗ್ ಮಂಡಳಿಯಲ್ಲೇ ತಮ್ಮ ದೇಶದ ನಿರಾಶೆಯನ್ನು ದಾಖಲಿಸಿದರು. ತೀರ್ಪನ್ನು ಪಾಲಿಸುವುದಾಗಿಯೂ ಹೇಳಿದರು. ಆ ವರ್ಷದ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಇಬ್ಬರಲ್ಲಿ ಅವರೊಬ್ಬರು.

ಮೂರು ದಿನಗಳಲ್ಲಿ ರೂಪುಗೊಂಡ ಒಪ್ಪಂದದ ವಿವರಗಳನ್ನು ಗಡಿನಾಡಿನ ಓದುಗರು ನಿಧಾನವಾಗಿ ಗಮನಿಸಬೇಕು. ಸ್ವೀಡಿಷ್ ಮಾಧ್ಯಮದ್ದಲ್ಲದ ಶಾಲೆಗೆ ಹಣ ಕೊಡುವ ಹೊಣೆ ದ್ವೀಪದ ಆಡಳಿತಕ್ಕಿಲ್ಲ. ಸ್ಥಳೀಯರ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಹಣದ ಪ್ರಾಥಮಿಕ ಶಾಲೆಗಳಲ್ಲಿ ಫಿನ್ನಿಷ್ ಕಲಿಸುವಂತಿಲ್ಲ. ಹೊರಗಿನವರಿಗೆ ಜಮೀನು ಮಾರಾಟವಾದರೆ ಅದನ್ನು ಯೋಗ್ಯ ಬೆಲೆಗೆ ಮರಳಿ ಕೊಳ್ಳುವ ಹಕ್ಕು ಸ್ಥಳೀಯರಿಗಿದೆ. ಹೊಸದಾಗಿ ಬಂದು ನೆಲೆಸಿದವರಿಗೆ ಸ್ಥಳೀಯ ಮತಾಧಿಕಾರ ಐದು ವರ್ಷಗಳ ನಂತರ. ಇವನ್ನು ಮೀರಿದರೆ ದ್ವೀಪದ ಶಾಸನಸಭೆಯ ದೂರು ಸಂಘದ ಮಂಡಳಿಯವರೆಗೆ ತಲುಪಬೇಕು.

ಈ ಕೊನೆಯ ಅಂಶವೇ ಮುಖ್ಯವಾದುದು. ಭಾರತದಲ್ಲಿಯೂ 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನೂ ವಿಶೇಷಾಧಿಕಾರಿಯೊಬ್ಬರನ್ನೂ ವಿಧಿಸಿತು. ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ ಕಡತದಲ್ಲಿಯೇ ಉಳಿಯಿತು. ಒಂದೇ ರಾಷ್ಟ್ರದೊಳಗಿನ ಗಡಿಯನ್ನೂ ಎರಡು ರಾಷ್ಟ್ರಗಳ ನಡುವಿನ ಗಡಿಯನ್ನೂ ಸಮೀಕರಿಸುವುದು ಸಲ್ಲದು. ಆದರೂ ವರದಿಯೊಂದು ತೀರ್ಪಾಗಬೇಕಾದರೆ, ಅದನ್ನು ಪಾಲಿಸುವೆವೆಂದು ಇಬ್ಬರೂ ಮೊದಲೇ ಒಪ್ಪಿ ಕುಳಿತ ಮೇಜೊಂದು ಬೇಕೆಂಬುದು ಎರಡೂ ಕಡೆ ಕಾಣುತ್ತದೆ.

ಆ ಮೇಜಿಗೆ ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ಏಕೆ ಬಂದವು? ಸದ್ಗುಣದಿಂದಷ್ಟೇ ಅಲ್ಲ. ಫಿನ್‌ಲ್ಯಾಂಡಿಗೆ ಜಗತ್ತಿನ ಮನ್ನಣೆ ಬೇಕಿತ್ತು. ವಿಚಾರಣೆ ನಡೆಯುತ್ತಿದ್ದಾಗಲೇ, 1920ರ ಡಿಸೆಂಬರ್‌ನಲ್ಲಿ, ಅದು ಸಂಘದ ಸದಸ್ಯತ್ವ ಪಡೆಯಿತು. ಚಿಕ್ಕ ರಾಷ್ಟ್ರವಾದ ಸ್ವೀಡನ್ನಿಗೆ ಸಂಘದ ಮಾತು ನಡೆಯುವುದರಲ್ಲಿಯೇ ತನ್ನ ರಕ್ಷಣೆಯೂ ಇತ್ತು. ತೀರ್ಪನ್ನು ಮುರಿದರೆ ಇಬ್ಬರಿಗೂ ದ್ವೀಪಗಳಿಗಿಂತ ಹೆಚ್ಚಿನದು ನಷ್ಟವಾಗುತ್ತಿತ್ತು. ಸದಸ್ಯತ್ವ ಕೆಲಸ ಮಾಡುವುದು ಇಲ್ಲಿ: ಅದು ಹಟಕ್ಕೆ ಬೆಲೆ ಕಟ್ಟುತ್ತದೆ, ಸೋತವನಿಗೆ ಮರ್ಯಾದೆಯಿಂದ ಹಿಂದೆ ಸರಿಯಲು ದಾರಿ ಕೊಡುತ್ತದೆ. ತನ್ನ ಜನರೆದುರು ಬ್ರಾಂಟಿಂಗ್ ಫಿನ್‌ಲ್ಯಾಂಡಿಗೆ ಮಣಿದವರಲ್ಲ, ಸಂಘಕ್ಕೆ ಮಣಿದವರು.

ಬೆಲೆ ತೆರಲು ಸಿದ್ಧವಿರುವವನ ಮುಂದೆ ಇದೇ ಸಂಘ ನಿಸ್ಸಹಾಯಕ. ಮಂಚೂರಿಯಾದ ಆಕ್ರಮಣವನ್ನು ಖಂಡಿಸಿದಾಗ, 1933ರಲ್ಲಿ, ಜಪಾನ್ ಸಂಘದಿಂದ ಹೊರನಡೆಯಿತು. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟವು ಇದೇ ಫಿನ್‌ಲ್ಯಾಂಡಿನ ಮೇಲೆ ಎರಗಿತು. ಎರಡೂ ಆಗ ಸದಸ್ಯರಾಷ್ಟ್ರಗಳು. ಡಿಸೆಂಬರ್ 14ರಂದು ಸಂಘ ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. ಯುದ್ಧ ಮಾರ್ಚ್‌ವರೆಗೂ ನಡೆದು, ಫಿನ್‌ಲ್ಯಾಂಡ್ ತನ್ನ ನೆಲದ ಸುಮಾರು ಹತ್ತರಲ್ಲೊಂದು ಭಾಗ ಕಳೆದುಕೊಂಡಿತು. ಹೊರಹಾಕಿದ ಮೇಲೆ ಬೆದರಿಸಲು ಸಂಘದ ಕೈಯಲ್ಲಿ ಏನೂ ಉಳಿಯಲಿಲ್ಲ.

1946ರಲ್ಲಿ ರಾಷ್ಟ್ರಸಂಘವೇ ವಿಸರ್ಜನೆಗೊಂಡಿತು. ಓಲಂಡಿನ ದೂರು ಕೇಳಬೇಕಾದ ಮಂಡಳಿ ಇಲ್ಲವಾಯಿತು. ಆದರೆ ಫಿನ್‌ಲ್ಯಾಂಡ್ ಒಪ್ಪಂದವನ್ನು ಕೈಬಿಡಲಿಲ್ಲ. 1951ರಲ್ಲಿಯೂ 1991ರಲ್ಲಿಯೂ ಸ್ವಾಯತ್ತತೆಯ ಕಾನೂನನ್ನು ಹೊಸದಾಗಿ ರಚಿಸಿ ವಿಸ್ತರಿಸಿತು. 1922ರ ಜೂನ್ 9ರಂದು ಮೊದಲ ಬಾರಿಗೆ ಸೇರಿದ ಶಾಸನಸಭೆ ಇಂದಿಗೂ ಸ್ವೀಡಿಷ್‌ನಲ್ಲಿಯೇ ಕಲಾಪ ನಡೆಸುತ್ತದೆ. ದ್ವೀಪದ ಮಕ್ಕಳು ಅದೇ ಭಾಷೆಯಲ್ಲಿ ಓದುತ್ತಾರೆ.