ಕೆಟ್ಟದ್ದು ವಿಮಾನವೋ, ಮನೆಯ ಕರೆಂಟೋ?

ಯುದ್ಧವಿಮಾನದ ಸಿಮ್ಯುಲೇಟರ್ ಹಾರಿಸುವವರು ‘ಹಾಳಾಗಿದೆ’ ಎಂದು ಹೇಳುವ ಸಂಗತಿಗಳಲ್ಲಿ ಹೆಚ್ಚಿನವು ಹಾಳಾಗಿರುವುದೇ ಇಲ್ಲ. ವಿಮಾನ ತನ್ನ ಪಾಡಿಗೆ ಸರಿಯಾಗಿಯೇ ಇರುತ್ತದೆ, ಅದರ ಸ್ವಭಾವ ನಮಗೆ ಗೊತ್ತಿರುವುದಿಲ್ಲ ಅಷ್ಟೆ. ಉಳಿದವುಗಳಲ್ಲಿ ಬಹುಪಾಲು ಜಾಯ್‌ಸ್ಟಿಕ್ಕಿನದೋ ಮನೆಯ ಕರೆಂಟಿನದೋ ಆಗಿರುತ್ತದೆ. ತಂತ್ರಾಂಶದ ಒಳಗೇ ದೋಷ ಇರುವುದು ಅಪರೂಪ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಾವು ಕೆಲವು ಗೆಳೆಯರು ವರ್ಷಗಳಿಂದ ರಾತ್ರಿ ಊಟ ಮುಗಿಸಿ ಒಟ್ಟಿಗೆ ಹಾರುತ್ತಿದ್ದೇವೆ. ಒಬ್ಬರ ವಿಮಾನ ಕೈಕೊಟ್ಟರೆ ಉಳಿದವರೆಲ್ಲ ಅದರ ಹಿಂದೆ ಬೀಳುತ್ತೇವೆ. ಹಾಗೆ ಬಿದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಹಾರಿಸುವುದು ಈಗಲ್ ಡೈನಾಮಿಕ್ಸ್ ಸಂಸ್ಥೆಯ ಡಿಸಿಎಸ್ ವರ್ಲ್ಡ್‌ನಲ್ಲಿ. ಇದನ್ನು ಆಟ ಎಂದು ಕರೆಯಬಹುದು, ಆದರೆ ಇದರಲ್ಲಿರುವ ಎ-10ಸಿ ವಿಮಾನ ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ಪೈಲಟ್‌ಗಳಿಗೆಂದು ತಯಾರಾದ ತರಬೇತಿ ತಂತ್ರಾಂಶದಿಂದ ಬಂದದ್ದು. ಕಾಕ್‌ಪಿಟ್ಟಿನಲ್ಲಿ ಕಾಣುವ ಸ್ವಿಚ್ಚುಗಳು ಬರೀ ಚಿತ್ರಗಳಲ್ಲ. ಒಂದನ್ನು ಮರೆತರೆ ಅದರ ಫಲ ಆಗಲೇ ಕಾಣಬಹುದು, ಅರ್ಧ ಗಂಟೆ ಬಿಟ್ಟು ಇಪ್ಪತ್ತೈದು ಸಾವಿರ ಅಡಿ ಎತ್ತರದಲ್ಲೂ ಕಾಣಬಹುದು.

ನಮ್ಮ ಗುಂಪಿನಲ್ಲಿ ಎಲ್ಲರಿಗೂ ಪ್ರೀತಿ ಇರುವುದು ಮಿಗ್-21ರ ಮೇಲೆ. 1963ರಲ್ಲಿ ಭಾರತೀಯ ವಾಯುಪಡೆಗೆ ಬಂದು, ನಾಸಿಕದ ಎಚ್‌ಎಎಲ್ ಕಾರ್ಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಾಗಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾದ ವಿಮಾನ ಅದು. ಅದರ ‘ಬಿಸ್’ ಮಾದರಿ ಡಿಸಿಎಸ್‌ಗೆ ಬಂದದ್ದು 2014ರಲ್ಲಿ. ಹೊಸಬರು ಇದನ್ನು ಹತ್ತಿದ ಕೂಡಲೆ ಕೇಳಿಬರುವ ಮಾತು ಒಂದೇ: “ಸ್ಟಾರ್ಟೇ ಆಗುದಿಲ್ಲ ಮಾರಾಯ.”

ಮೂಡುಬಿದಿರೆ ಹತ್ತಿರದ ಬಡಗ ಮಿಜಾರಿನ ಮೈಟ್ ಕಾಲೇಜಿನಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ಕಲಿಸುತ್ತಾರೆ. ಅಲ್ಲಿ ಓದಿದ ಹುಡುಗನೊಬ್ಬ ನಮ್ಮ ಜೊತೆ ಹಾರುತ್ತಾನೆ, ವಯಸ್ಸಿನಲ್ಲಿ ನಮಗೆಲ್ಲ ತಮ್ಮ. ಇಂಥ ಹೊತ್ತಿನಲ್ಲಿ ಅವನು ಕೇಳುವುದು ಒಂದೇ ಪ್ರಶ್ನೆ. “ಕರೆಂಟು ಎಲ್ಲಿವರೆಗೆ ಬಂದಿದೆ ಅಣ್ಣ?” ನನ್ನ ಮಟ್ಟಿಗೆ ಸಿಮ್ಯುಲೇಟರಿನ ರಿಪೇರಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಬ್ಯಾಟರಿ ಸ್ವಿಚ್ ಹಾಕಿದರೆ ವೋಲ್ಟ್‌ಮೀಟರಿನ ಮುಳ್ಳು ಏಳಬೇಕು. ಏಳದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಎದ್ದರೆ ಮುಂದಿನದು ಇನ್ವರ್ಟರ್. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ನಮ್ಮ ಊರಿನವರಿಗೆ ಇನ್ವರ್ಟರ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಬ್ಯಾಟರಿಯ ಕರೆಂಟನ್ನು ಫ್ಯಾನಿಗೆ, ಬಲ್ಬಿಗೆ ಒಗ್ಗುವಂತೆ ಮಾಡುವ ಅದೇ ಕೆಲಸವನ್ನು ವಿಮಾನದಲ್ಲೂ ಅದು ಮಾಡುತ್ತದೆ. ಮನೆಯಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿ 115 ವೋಲ್ಟ್, 400 ಹರ್ಟ್ಸ್. ಗೈರೋಗಳು, ಹಲವು ಮೀಟರುಗಳು ಕೆಲಸ ಮಾಡುವುದು ಇನ್ವರ್ಟರಿನಿಂದ ಬರುವ ಇಂಥ ಎಸಿ ಕರೆಂಟಿನಲ್ಲಿ. ಎರಡು ಇನ್ವರ್ಟರುಗಳನ್ನೂ ಹಾಕದೆ ಹೊರಟು, ದಿಗಂತ ತೋರಿಸುವ ಗೋಲ ವಾಲಿಕೊಂಡೇ ಇದೆ ಎಂದು ದೂರುವವರನ್ನು ತುಂಬ ನೋಡಿದ್ದೇನೆ. ಇನ್ವರ್ಟರ್ ಆದ ಮೇಲೆ ಇಂಧನದ ಪಂಪುಗಳು, ಆಮೇಲೆ ಇಂಜಿನ್ನಿಗೆ ಕಿಡಿ ಕೊಡುವ ಸರ್ಕ್ಯೂಟು, ಥ್ರಾಟಲ್ ಇರಬೇಕಾದ ಜಾಗ, ಕೊನೆಗೆ ಸ್ಟಾರ್ಟ್ ಬಟನ್. ಬಟನ್ ಒತ್ತಿ ತಕ್ಷಣ ಬಿಟ್ಟರೂ ಆಗದು, ಒಂದೆರಡು ಕ್ಷಣ ಹಿಡಿಯಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಇಂಜಿನ್ ಏಳುವುದಿಲ್ಲ. ಹುಡುಕುವ ಗಡಿಬಿಡಿಯಲ್ಲಿ ಬ್ಯಾಟರಿ ಹಾಕಿಟ್ಟು ಬಹಳ ಹೊತ್ತು ಕೂತರೆ ಬ್ಯಾಟರಿಯೇ ಇಳಿದುಹೋಗುತ್ತದೆ. ಆಗ ನೆಲದ ಸಿಬ್ಬಂದಿಯನ್ನು ರೇಡಿಯೋದಲ್ಲಿ ಕರೆದು ಹೊರಗಿನ ಕರೆಂಟು ಕೇಳಬೇಕು. ಆ ಸೌಲಭ್ಯವೂ ಸಿಮ್ಯುಲೇಟರಿನಲ್ಲಿ ಇದೆ, ಕೇಳುವವರು ಕಡಿಮೆ.

ಇಂಜಿನ್ ಎದ್ದಿತು ಎನ್ನೋಣ. ಮುಂದಿನ ದೂರು: “ಸೀದಾ ಹೋಗ್ತದೆ, ತಿರುಗುದೇ ಇಲ್ಲ.” ಮಿಗ್-21ರ ಮೂತಿಯ ಚಕ್ರಕ್ಕೆ ಸ್ಟಿಯರಿಂಗ್ ಇಲ್ಲ, ಅದು ಸ್ವತಂತ್ರವಾಗಿ ತಿರುಗುವ ಚಕ್ರ. ಬ್ರೇಕು ಗಾಳಿಯ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದರ ಹಿಡಿಕೆ ಇರುವುದು ಸ್ಟಿಕ್ಕಿನಲ್ಲಿ, ಕಾಲಿನಲ್ಲಿ ಅಲ್ಲ. ಹಿಡಿಕೆ ಒತ್ತಿಕೊಂಡು ಒಂದು ಪೆಡಲ್ ತುಳಿದರೆ ಆ ಕಡೆಯ ಚಕ್ರಕ್ಕೆ ಮಾತ್ರ ಬ್ರೇಕು ಬಿದ್ದು ವಿಮಾನ ತಿರುಗುತ್ತದೆ. ದುಡ್ಡು ಕೊಟ್ಟು ಹೊಸ ರಡ್ಡರ್ ಪೆಡಲ್ ತಂದವರು ಅದರ ತುದಿಬ್ರೇಕು ತುಳಿದು ತುಳಿದು ಏನೂ ಆಗದೆ ಪೆಡಲನ್ನೇ ಸಂಶಯಿಸುತ್ತಾರೆ. ಪೆಡಲ್ ಸರಿಯಿದೆ, ಆ ವಿಮಾನದಲ್ಲಿ ತುದಿಬ್ರೇಕು ಎಂಬುದೇ ಇಲ್ಲ. ಸ್ಪಿಟ್‌ಫೈರಿನಲ್ಲೂ ಹೀಗೆಯೇ. ಕೀಬೋರ್ಡಿನ ಡಬ್ಲ್ಯು ಒತ್ತಿಕೊಂಡು ಪೆಡಲ್ ತುಳಿಯಿರಿ ಎಂದರೆ ಅರ್ಧ ನಿಮಿಷದಲ್ಲಿ ಸಮಸ್ಯೆ ಮುಗಿಯುತ್ತದೆ. ಟ್ಯಾಕ್ಸಿ ಮಾಡುವಾಗ ಮಿಗ್-21ರ ಮೂತಿ ಸಣ್ಣಗೆ ಅತ್ತಿತ್ತ ಆಡುತ್ತಾ ಸಾಗುವುದನ್ನು ಒಮ್ಮೆ ಕೈವಶ ಮಾಡಿಕೊಂಡರೆ ಆ ಸಂತೋಷವೇ ಬೇರೆ.

ಬಂಟ್ವಾಳದ ಗೆಳೆಯರೊಬ್ಬರಿಗೆ ಬಂದ ತೊಂದರೆ ಇದಕ್ಕಿಂತ ಗಾಬರಿಯದು. ಎಫ್/ಎ-18 ಹಾರ್ನೆಟ್‌ನಲ್ಲಿ ಮೇಲೇರುತ್ತಿದ್ದಂತೆ ಅವರ ಪರದೆ ಮೆಲ್ಲಗೆ ಕಪ್ಪಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹೋಯಿತೆಂದು ಅವರು ಸಿಪಿಯು ಕಟ್ಟಿಕೊಂಡು ಬಿ.ಸಿ.ರೋಡಿನ ಅಂಗಡಿಗೆ ಹೊರಟಿದ್ದರು. ಪರದೆ ಕಪ್ಪಾದಾಗ ಶಬ್ದ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದರು. ಕೆಳಗೆ ಹಾರುವಾಗ? ಏನೂ ಆಗುವುದಿಲ್ಲ. ಕಾರ್ಡ್ ಕೆಟ್ಟಿದ್ದರೆ ಅದಕ್ಕೆ ಹತ್ತು ಸಾವಿರ ಅಡಿ, ಇಪ್ಪತ್ತು ಸಾವಿರ ಅಡಿ ಎಂಬ ಭೇದ ಇರದು. ಎತ್ತರಕ್ಕೆ ಸರಿಯಾಗಿ ಬರುವ ಕತ್ತಲೆ ಎಂದರೆ ಪೈಲಟ್‌ಗೆ ಆಮ್ಲಜನಕ ಸಿಗುತ್ತಿಲ್ಲ ಎಂದು ಅರ್ಥ. ಹಾರ್ನೆಟ್ಟಿನ ಎಡಬದಿಯ ಫಲಕದಲ್ಲಿ ಆಮ್ಲಜನಕದ ಸ್ವಿಚ್ಚೂ ಅದರ ಹರಿವು ಹೆಚ್ಚು ಕಡಿಮೆ ಮಾಡುವ ತಿರುಗಣೆಯೂ ಇವೆ. ಎರಡನ್ನೂ ಅವರು ಮುಟ್ಟಿರಲಿಲ್ಲ. ಹಾರ್ನೆಟ್ಟಿನ ಆಮ್ಲಜನಕ ಸಿಲಿಂಡರಿನಿಂದ ಬರುವುದಲ್ಲ, ಇಂಜಿನ್ನಿನಿಂದ ತೆಗೆದ ಗಾಳಿಯನ್ನು ಸೋಸಿ ವಿಮಾನದಲ್ಲೇ ಮಾಡುವಂಥದು. ಬೆಂಕಿ ಎಚ್ಚರಿಕೆಯ ಪರೀಕ್ಷೆ ಮಾಡಿದಾಗ ಆ ಗಾಳಿಯ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇಂಜಿನ್ ಎದ್ದ ಮೇಲೆ ಬ್ಲೀಡ್ ಏರ್ ತಿರುಗಣೆಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ತೆರೆಯಬೇಕು. ಅಂದು ಅವರ ಸಿಪಿಯು ಮನೆಯಲ್ಲೇ ಉಳಿಯಿತು.

ಇಷ್ಟು ವಿಮಾನದ ಕಡೆಯದು. ಇನ್ನು ಕೈಯ ಕಡೆಯದಕ್ಕೆ ಬರುತ್ತೇನೆ.

ಡಿಸಿಎಸ್‌ಗೆ ಹೊಸ ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್ ಏನೇ ಜೋಡಿಸಿದರೂ ಅದು ತಾನಾಗಿ ಅವುಗಳಿಗೆ ಅಕ್ಷಗಳನ್ನು ಹಂಚಿಬಿಡುತ್ತದೆ. ಒಂದೇ ಸಾಧನ ಇರುವವರಿಗೆ ಇದು ಅನುಕೂಲ. ಎರಡು ಮೂರು ಇದ್ದರೆ, ವಿಮಾನದ ಮೂತಿ ಏರಿಸುವ ಇಳಿಸುವ ಕೆಲಸ ಸ್ಟಿಕ್ಕಿಗೂ ಥ್ರಾಟಲಿಗೂ ಒಟ್ಟಿಗೆ ಹೋಗಿರುತ್ತದೆ. ವೇಗ ಹೆಚ್ಚಿಸಿದ ಕೂಡಲೆ ವಿಮಾನ ತಲೆಕೆಳಗಾಗಿ ನೆಲಕ್ಕೆ ಧುಮುಕುವುದು ಇದರಿಂದ. ಕಂಟ್ರೋಲ್ಸ್ ಪುಟ ತೆರೆದು, ಅಕ್ಷಗಳ ಪಟ್ಟಿಯಲ್ಲಿ ಒಂದು ಸಾಲಿಗೆ ಒಂದೇ ಸಾಧನ ಇರುವಂತೆ ಉಳಿದದ್ದನ್ನು ಅಳಿಸಬೇಕು. ಪ್ರತಿ ವಿಮಾನಕ್ಕೂ ಬೇರೆಬೇರೆಯಾಗಿ ಅಳಿಸಬೇಕು, ಅದು ಬೇಸರದ ಕೆಲಸವೇ. ಆದರೆ ಏನೇ ತೊಂದರೆ ಬಂದರೂ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ಬಲಗಡೆಯ ಕಂಟ್ರೋಲ್ ಕೀ ಹಿಡಿದು ಎಂಟರ್ ಒತ್ತಿದರೆ ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದು ಮೂಡುತ್ತದೆ. ಸ್ಟಿಕ್, ಪೆಡಲ್, ಥ್ರಾಟಲ್ ಎಲ್ಲಿವೆ ಎಂದು ಸಿಮ್ಯುಲೇಟರಿಗೆ ತಿಳಿದಿದೆಯೋ ಅದನ್ನೇ ಅದು ತೋರಿಸುತ್ತದೆ. ಕೈ ಬಿಟ್ಟು ಕುಳಿತಾಗಲೂ ಗುರುತು ನಡುಗುತ್ತಿದ್ದರೆ ಸಾಧನದಲ್ಲಿ ದೋಷ ಇದೆ. ಗುರುತು ಸರಿಯಾಗಿ ಆಡುತ್ತಿದ್ದು ವಿಮಾನ ಮಾತ್ರ ಕೇಳದಿದ್ದರೆ ವಿಮಾನದ ವ್ಯವಸ್ಥೆಯನ್ನು ನೋಡಬೇಕು.

ನಮ್ಮ ಕಡೆ ಸಾಧನಗಳ ದೊಡ್ಡ ಶತ್ರು ತೇವ. ಕಡಿಮೆ ಬೆಲೆಯ ಜಾಯ್‌ಸ್ಟಿಕ್ಕುಗಳಲ್ಲಿ ಇರುವುದು ಪೊಟೆನ್ಶಿಯೋಮೀಟರ್: ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿಕೊಂಡು ಓಡಾಡುವ ಏರ್ಪಾಡು. ಆಟಿ ತಿಂಗಳಲ್ಲಿ ಬಟ್ಟೆಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಮನೆಯಲ್ಲಿ ಆ ಪಟ್ಟಿ ಮಾತ್ರ ಚೊಕ್ಕಟವಾಗಿ ಇರಲು ಸಾಧ್ಯವಿಲ್ಲ. ಧೂಳು, ತೇವ ಸೇರಿ ಸ್ಟಿಕ್ ನಡುವಿನಲ್ಲಿದ್ದರೂ ಸಿಮ್ಯುಲೇಟರಿಗೆ ಅದು ಹಾರಿಹಾರಿ ಕಾಣುತ್ತದೆ. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹತ್ತಾರು ಸಲ ಆ ತುದಿಯಿಂದ ಈ ತುದಿಗೆ ಆಡಿಸಿದರೆ ಒಂದಷ್ಟು ತಿಂಗಳು ಸರಿಯಿರುತ್ತದೆ. ಕೊಳ್ಳುವವರಿಗೆ ನನ್ನ ಸಲಹೆ ಏನೆಂದರೆ, ನಾಲ್ಕು ಬಟನ್ ಕಡಿಮೆಯಾದರೂ ಅಡ್ಡಿಯಿಲ್ಲ, ಹಾಲ್ ಸೆನ್ಸರ್ ಇರುವುದನ್ನೇ ಕೊಳ್ಳಿ. ಅದರಲ್ಲಿ ಅಯಸ್ಕಾಂತದಿಂದ ಸ್ಥಾನ ಗೊತ್ತಾಗುತ್ತದೆ, ಉಜ್ಜಿ ಸವೆಯುವ ಭಾಗವೇ ಇಲ್ಲ.

ಬೆಳ್ತಂಗಡಿ ಕಡೆಯ ಗೆಳೆಯರ ಕತೆ ಬೇರೆ. ಅಡಿಕೆ ತೋಟದ ನಡುವಿನ ಮನೆ. ಹಾರುತ್ತಿರುವಾಗಲೇ ಅವರ ಪೆಡಲ್ ಮಾಯವಾಗುತ್ತಿತ್ತು. ತೆಗೆದು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಮತ್ತೆ ಬರುತ್ತಿತ್ತು, ಆದರೆ ಹಾಕಿಟ್ಟ ಹೊಂದಾಣಿಕೆಗಳೆಲ್ಲ ಹೋಗಿರುತ್ತಿದ್ದವು. ಇಲ್ಲಿ ಎರಡು ಸಂಗತಿ ಸೇರಿಕೊಂಡಿದ್ದವು. ಪೆಡಲ್ ಮಾಯವಾಗುತ್ತಿದ್ದದ್ದು ತೋಟದ ಪಂಪು ಚಾಲೂ ಆಗುವ ಹೊತ್ತಿಗೆ. ಆ ಹೊತ್ತಿಗೆ ವೋಲ್ಟೇಜು ಒಮ್ಮೆ ಕುಸಿಯುತ್ತಿತ್ತು, ಒಂದೇ ಸಣ್ಣ ಹಬ್ಬಿಗೆ ಸಿಕ್ಕಿಸಿದ್ದ ಮೂರು ಸಾಧನಗಳಲ್ಲಿ ದುರ್ಬಲವಾದದ್ದು ಬಿಟ್ಟುಹೋಗುತ್ತಿತ್ತು. ಕಂಪ್ಯೂಟರಿಗೆ ಯುಪಿಎಸ್, ಹಬ್ಬಿಗೆ ತನ್ನದೇ ಅಡಾಪ್ಟರ್ ಹಾಕಿಸಿದ ಮೇಲೆ ಅದು ನಿಂತಿತು. ಕಿಂಡಿ ಬದಲಾಯಿಸಿದಾಗ ಹೊಂದಾಣಿಕೆ ಹೋಗುವುದಕ್ಕೆ ಕಾರಣ, ಡಿಸಿಎಸ್ ಪ್ರತಿ ಸಾಧನವನ್ನೂ ಒಂದು ಉದ್ದನೆಯ ಗುರುತಿನ ಸಂಖ್ಯೆಯಿಂದ ಹೆಸರಿಸಿ ಹೊಂದಾಣಿಕೆಯನ್ನು ಆ ಹೆಸರಿನಲ್ಲೇ ಉಳಿಸುವುದು. ಕಿಂಡಿ ಬದಲಾದರೆ ವಿಂಡೋಸ್ ಹೊಸ ಸಂಖ್ಯೆ ಕೊಡಬಹುದು. ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರಿನಲ್ಲಿ ಕಾನ್ಫಿಗ್, ಅದರೊಳಗೆ ಇನ್‌ಪುಟ್ ಎಂಬ ಫೋಲ್ಡರ್ ಇದೆ. ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಯಾವ ಕಿಂಡಿಗೆ ಯಾವುದು ಎಂದು ಕಾಗದದ ಚೀಟಿ ಅಂಟಿಸಿ.

ಮನೆಯ ಅರ್ತಿಂಗ್ ಕೂಡ ಒಮ್ಮೆ ನೋಡಿಸಿ. ಕೆಂಪುಕಲ್ಲಿನ ನಮ್ಮ ಗುಡ್ಡೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಅರ್ತಿನ ಗುಂಡಿ ಒಣಗಿ ಹೋಗುತ್ತದೆ, ನೀರು ಹೊಯ್ಯಬೇಕು. ಸಂಜೆ ಗುಡುಗು ಶುರುವಾದರೆ ಎಂಥ ಕಾಳಗದ ನಡುವೆ ಇದ್ದರೂ ಪ್ಲಗ್ ಕಿತ್ತು ಏಳುವುದೇ ಸರಿ.

ಕಂಪ್ಯೂಟರಿನ ಕಡೆಯದನ್ನು ಚುಟುಕಾಗಿ ಹೇಳುತ್ತೇನೆ. ಅಪ್‌ಡೇಟ್ ಆದ ಮೇಲೆ ಕೆಟ್ಟರೆ ಮೊದಲು ಹೊರಗಿನಿಂದ ತಂದು ಹಾಕಿದ ಮಾಡ್‌ಗಳನ್ನು ತೆಗೆಯಿರಿ, ಆಮೇಲೆ ರಿಪೇರಿ ಓಡಿಸಿ. ಚಿತ್ರ ವಿಚಿತ್ರವಾಗಿ ಕಂಡರೆ ಸೇವ್ಡ್ ಗೇಮ್ಸ್‌ನಲ್ಲಿರುವ ಎಫ್ಎಕ್ಸ್‌ಒ, ಮೆಟಾಶೇಡರ್ಸ್2 ಎಂಬ ಫೋಲ್ಡರುಗಳನ್ನು ಅಳಿಸಿ, ಮತ್ತೆ ತಾವಾಗಿ ಹುಟ್ಟುತ್ತವೆ. ಏನೂ ತಿಳಿಯದಿದ್ದರೆ ಡಿಸಿಎಸ್ ಫೋಲ್ಡರಿನ ಹೆಸರು ಬದಲಿಸಿ ಹೊಸದು ಹುಟ್ಟಲು ಬಿಡಿ. ಆಗ ಸರಿಯಾದರೆ ದೋಷ ಹಳೆಯ ಫೋಲ್ಡರಿನಲ್ಲೇ ಇದೆ. ಸೆಕೆಗಾಲದಲ್ಲಿ ಇಪ್ಪತ್ತು ನಿಮಿಷ ಹಾರಿದ ಮೇಲೆ ಚಿತ್ರ ತಡೆತಡೆದು ಬಂದರೆ ಅದು ಲ್ಯಾಪ್‌ಟಾಪ್ ಬಿಸಿಯಾದದ್ದು. ಮೊದಲಿಗೇ ಎಲ್ಲವನ್ನೂ ಅಳಿಸಿ ಹೊಸದಾಗಿ ಇಳಿಸಿಕೊಳ್ಳುವುದು ಮಾತ್ರ ಬೇಡ. ನೂರಾರು ಜಿಬಿ ಇಳಿಸುವ ಹೊತ್ತಿಗೆ ಎರಡು ದಿನ ಹೋಗುತ್ತದೆ, ಏನು ಕೆಟ್ಟಿತ್ತು ಎಂಬುದು ಗೊತ್ತಾಗುವುದೇ ಇಲ್ಲ.

ಇನ್ನೊಂದನ್ನು ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಇಳಿಯುವ ಹೊತ್ತಿಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ, ಅದು ಚಕ್ರದ ದೀಪ ಇರಲಿ, ವೇಗ ಇರಲಿ, ಅಲ್ಲೇ ರಿಪೇರಿಗೆ ಇಳಿಯುವಂತಿಲ್ಲ. ಶಕ್ತಿ ಕೊಟ್ಟು ಮೇಲೇರಬೇಕು, ಸಮ ಎತ್ತರದಲ್ಲಿ ನೇರವಾಗಿ ಹಾರುತ್ತಾ ಹುಡುಕಬೇಕು. ಈ ನಿಯಮ ನಮಗೆ ಯಾವ ಕೈಪಿಡಿಯಿಂದಲೂ ಬಂದದ್ದಲ್ಲ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನ 2,450 ಮೀಟರಿನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಮಂದಿ ತೀರಿಕೊಂಡರು, ಬದುಕಿದವರು ಎಂಟು ಮಂದಿ. ಸಹಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರೋಣ, ಎಂದು ಹೇಳಿದ್ದರೂ ಮುಖ್ಯ ಪೈಲಟ್ ಇಳಿಯುವುದನ್ನು ಕೈಬಿಡಲಿಲ್ಲ ಎಂಬುದು ತನಿಖೆಯಲ್ಲಿ ದಾಖಲಾಗಿದೆ. ನಮ್ಮ ಈ ತಾಲೂಕುಗಳಲ್ಲಿ ಆ ದಿನ ಮರೆತವರಿಲ್ಲ. ಸಿಮ್ಯುಲೇಟರಿನಲ್ಲಿ ಬಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ನಿಜ. ಆದರೂ ಗುಂಪಿನಲ್ಲಿ ಯಾರೇ ಗೋ ಅರೌಂಡ್ ಎಂದರೂ, ಎಷ್ಟೇ ಕಿರಿಯರಾದರೂ, ಇಳಿಯುವವರು ಎದುರಾಡದೆ ಮೇಲೇರುತ್ತಾರೆ.

ಹೊಸದಾಗಿ ಶುರು ಮಾಡುವವರು ದುಡ್ಡು ಹಾಕಬೇಕಾಗಿಲ್ಲ. ಡಿಸಿಎಸ್ ವರ್ಲ್ಡ್ ಉಚಿತ, ಅದರ ಜೊತೆ ಸು-25ಟಿ ಮತ್ತು ಟಿಎಫ್-51ಡಿ ವಿಮಾನಗಳೂ ಕಾಕಸಸ್ ನಕ್ಷೆಯೂ ಉಚಿತವಾಗಿ ಸಿಗುತ್ತವೆ. ಟಿಎಫ್-51ಡಿ ರನ್‌ವೇಯಲ್ಲಿ ಎಡಕ್ಕೆ ಎಳೆಯುತ್ತದೆ. ಅದು ಪ್ರೊಪೆಲ್ಲರಿನ ಗುಣ, ಜಾಯ್‌ಸ್ಟಿಕ್ಕಿನ ದೋಷ ಅಲ್ಲ. ಬಲ ಪೆಡಲ್ ಕೊಡಿ. ಇಲ್ಲಿಯ ಹುಡುಗರು, ಹುಡುಗಿಯರು ಯಾರಾದರೂ ಹಾರಲು ಕುಳಿತು ಎಲ್ಲೋ ಸಿಕ್ಕಿಕೊಂಡಿದ್ದರೆ ಹೊಸ ಸಾಮಾನು ಕೊಳ್ಳುವ ಮೊದಲು ಬಲಗಡೆಯ ಕಂಟ್ರೋಲ್ ಮತ್ತು ಎಂಟರ್ ಒತ್ತಿ ಆ ಚೌಕವನ್ನು ನೋಡಿ. ಆಮೇಲೆ ವಿಮಾನದಲ್ಲಿ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಬ್ಯಾಟರಿಯಿಂದ ಹುಡುಕಿಕೊಂಡು ಬನ್ನಿ.