ಪ್ರೌಢಶಾಲೆಯಿಂದ ಕಾಲೇಜಿಗೆ: ವಿಕಲಚೇತನ ವಿದ್ಯಾರ್ಥಿಯ ಹಾದಿ

ಅಕ್ಷರ ದಾಸೋಹವೆಂದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬಡಿಸುವುದಲ್ಲ. ಉಣ್ಣುವವರ ಕೈಗೆ ಎಟುಕುವಂತೆ ಬಡಿಸುವುದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದು ಇದನ್ನು ನಾಡಿಗೆ ತೋರಿಸಿಕೊಟ್ಟರು. ಅಂದು ಗುರುಕರುಣೆಯಿಂದ ದೊರೆತದ್ದು ಇಂದು ಕಾನೂನಿನ ಹಕ್ಕಾಗಿದೆ. ಆದರೆ ಆ ಹಕ್ಕನ್ನು ಪಡೆಯುವ ಬಗೆ ಪ್ರೌಢಶಾಲೆಯಲ್ಲಿ ಒಂದು, ಕಾಲೇಜಿನಲ್ಲಿ ಮತ್ತೊಂದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಅದು ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಮಗುವಿನ ಕಲಿಕೆಯ ತೊಡಕನ್ನು ಬೇಗನೆ ಗುರುತಿಸಿ ಪರಿಹಾರ ಕಾಣುವುದು ಶಾಲೆಯ ಕರ್ತವ್ಯವೆಂದೂ ವಿಧಿಸಿದೆ. ಅಂದರೆ ಇಲ್ಲಿ ಗುರುವೇ ಮೊದಲು ಕಾಣಬೇಕು.

ಉನ್ನತ ಶಿಕ್ಷಣದಲ್ಲಿ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳು ಶೇಕಡಾ 5ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಕಾದಿರಿಸಬೇಕು. ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು. ಆದರೆ ನೂರಾರು ವಿದ್ಯಾರ್ಥಿಗಳ ನಡುವೆ ಒಬ್ಬರ ಅಗತ್ಯ ತಾನಾಗಿ ಯಾರ ಕಣ್ಣಿಗೂ ಬೀಳದು. ಪ್ರಮಾಣಪತ್ರ ಹಿಡಿದು, ಅರ್ಜಿ ಸಲ್ಲಿಸಿ, ಲಿಪಿಕಾರರನ್ನೋ ಹೆಚ್ಚುವರಿ ಸಮಯವನ್ನೋ ವಿದ್ಯಾರ್ಥಿಯೇ ಕೇಳಿ ಪಡೆಯಬೇಕು.

ಕೇಳಿಯೂ ದೊರೆಯದ ಸಂದರ್ಭಗಳುಂಟು. 2021ರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಬರವಣಿಗೆಯ ವೈಕಲ್ಯವಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಸಲ್ಲಬೇಕಿದ್ದ ಒಂದು ಗಂಟೆಯ ಹೆಚ್ಚುವರಿ ಸಮಯವನ್ನು ಪರೀಕ್ಷಾ ಕೇಂದ್ರದಲ್ಲಿ ನಿರಾಕರಿಸಲಾಯಿತು. ಅದು ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ನವೆಂಬರಿನಲ್ಲಿ ಸಾರಿ, ಪರಿಹಾರೋಪಾಯ ಯೋಚಿಸಲು ಸಂಬಂಧಪಟ್ಟ ಸಂಸ್ಥೆಗೆ ಆದೇಶಿಸಿತು. ಮರುಪರೀಕ್ಷೆಗೆ ಮಾತ್ರ ಆಜ್ಞಾಪಿಸಲಿಲ್ಲ. ಹಕ್ಕು ಉಳಿಯಿತು, ಕಳೆದ ಗಂಟೆ ಮರಳಲಿಲ್ಲ.

ಆದುದರಿಂದ ಪ್ರೌಢಶಾಲೆಯ ಹೊಣೆ ಹತ್ತನೆಯ ತರಗತಿಗೇ ಮುಗಿಯದು. ವೈಕಲ್ಯ ಪ್ರಮಾಣಪತ್ರವನ್ನೂ ವಿಶಿಷ್ಟ ಗುರುತಿನ ಚೀಟಿಯನ್ನೂ ಸಕಾಲದಲ್ಲಿ ಮಾಡಿಸಿಕೊಡುವುದು, ಶಾಲೆಯಲ್ಲಿ ಪಡೆದ ಸೌಲಭ್ಯಗಳ ವಿವರವನ್ನು ಲಿಖಿತವಾಗಿ ನೀಡುವುದು, ಭಾಷಾ ವಿನಾಯಿತಿ ಪಡೆಯುವ ಮುನ್ನ ಮುಂದಿನ ಪ್ರವೇಶಕ್ಕೆ ಅದು ತೊಡಕಾದೀತೇ ಎಂದು ವಿಚಾರಿಸುವುದು ಗುರುವೃಂದದ ಕೆಲಸ. ಇವೆಲ್ಲಕ್ಕಿಂತ ಮಿಗಿಲಾದುದು, ತನಗೆ ಬೇಕಾದುದನ್ನು ಸಂಕೋಚವಿಲ್ಲದೆ, ಸ್ಪಷ್ಟವಾಗಿ ಹೇಳುವ ಧೈರ್ಯವನ್ನು ಮಗುವಿಗೆ ಕಲಿಸುವುದು.

ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳು ಕಿರಿಯರಿಗೆ ದಾರಿ ತೋರಲಿ; ದಾನಿಗಳು ಇಳಿಜಾರು ಹಾದಿಯನ್ನೂ ಬ್ರೈಲ್ ಪುಸ್ತಕಗಳನ್ನೂ ಒದಗಿಸಲಿ. ಕೈಹಿಡಿದು ನಡೆಸಿದ ಮಗು ಮುಂದೆ ತನ್ನ ಮಾತಿನ ಬಲದಿಂದಲೇ ನಡೆಯುವಂತಾದಾಗ ಗುರುವಿನ ಕಾಯಕ ಸಾರ್ಥಕ.